ಅಕ್ಕ ಹುಳ ಅಂದಿದ್ದಳು

ನಮ್ಮ ಸಂಶೋಧನೆಯ ಪ್ರಶ್ನಾವಳಿಯಲ್ಲಿ ಒಂಬತ್ತನೆಯ ಪ್ರಶ್ನೆ ಹೀಗಿದೆ: ‘ಈ ಗುಳ್ಳೆಗಳು ಎದ್ದಾಗ ಎಲ್ಲರಿಗಿಂತ ಮೊದಲು ಯಾರಿಗೆ ಹೇಳಿದಿರಿ?’ ಅದರ ಕೆಳಗೆ ನಾಲ್ಕು ಚೌಕ. ಮನೆಯವರಿಗೆ, ನಾಟಿ ವೈದ್ಯರಿಗೆ, ಡಾಕ್ಟರಿಗೆ, ಇತರರಿಗೆ. ಈ ಪ್ರಶ್ನೆ ಬರೆದವಳು ನಾನು. ಬರೆದು, ಎರಡು ಸಲ ಓದಿ, ಭೇಷ್ ಅಂತ ನನ್ನ ಬೆನ್ನು ನಾನೇ ತಟ್ಟಿಕೊಂಡವಳೂ ನಾನೇ. ಈಗ ಆ ಹಾಳೆ ಕಣ್ಣಿಗೆ ಬಿದ್ದರೆ ಹರಿದು ಒಲೆಗೆ ಹಾಕಬೇಕು ಅನ್ನಿಸುತ್ತದೆ.

ಸಿಟ್ಟು ನನಗೆ ಹೊಸದಲ್ಲ. ‘ಮೂಗಿನ ತುದಿಗೇ ಸಿಟ್ಟು ಇಟಗೊಂಡು ಹುಟ್ಟೀದಿ’ ಅಂತ ಅವ್ವ ಬೈಯುತ್ತಿದ್ದಳು. ಹಾಗೇ ಬೆಳೆದೆ, ಹಾಗೇ ಓದಿದೆ, ಪ್ರಯೋಗಾಲಯದಲ್ಲೂ ಹಾಗೇ ಇದ್ದೇನೆ. ಫ್ರೀಜರಿನ ಬಾಗಿಲು ಸರಿಯಾಗಿ ಮುಚ್ಚದವರ ಮೇಲೆ, ಟ್ಯೂಬಿನ ಮೇಲೆ ಅಕ್ಷರ ಗೀಚಿದವರ ಮೇಲೆ, ಊರಿಗೆ ಬಂದರೆ ನನ್ನ ಕೆಲಸ ಕೇಳಿ ಮುಸಿಮುಸಿ ನಗುವವರ ಮೇಲೆ. ಈ ಎಲ್ಲ ಸಿಟ್ಟಿಗೂ ಒಂದು ಕಾರಣ ಸಿಗುತ್ತಿತ್ತು, ಮತ್ತು ಆ ಕಾರಣ ಯಾವಾಗಲೂ ಬೇರೆಯವರಾಗಿರುತ್ತಿದ್ದರು.

ನಗುವುದು ಯಾಕೆ ಅಂದರೆ ನಾನು ಹರ್ಪಿಸ್ ಕುಲದ ವೈರಸ್ಸುಗಳ ಮೇಲೆ ಕೆಲಸ ಮಾಡುತ್ತೇನೆ. ಆ ಹೆಸರು ಕಿವಿಗೆ ಬಿದ್ದೊಡನೆ ಜನರ ಮುಖ ನೋಡಬೇಕು ನೀವು. ಹಳಿಯಾಳದ ಒಂದು ಮದುವೆಯಲ್ಲಿ, ನಾಲ್ಕಕ್ಷರ ಓದಿಕೊಂಡ ಬಂಧುಗಳೊಬ್ಬರು ಊಟದ ಪಂಕ್ತಿಯಲ್ಲೇ, ‘ಅದು ಅಂಥಾ ರೋಗ ಅಲ್ಲೇನವಾ? ಹೆಣಮಗಳಾಗಿ ಅದರ ಬೆನ್ನ ಯಾಕ ಹತ್ತಿ?’ ಅಂದರು. ‘ಕಾಕಾ, ನಿಮಗ ಸಣ್ಣಂದ್ರಾಗ ದೇವಿ ಬಂದಿದ್ದಳಲ್ಲ? ಹಂಗಾರ ಅದರ ತಮ್ಮ ನಿಮ್ಮ ಬೆನ್ನೆಲುಬಿನ ಬಾಜೂಕ ಇನ್ನೂ ಮಕ್ಕೊಂಡಾನ’ ಅಂದೆ. ಅವರು ಹೋಳಿಗೆ ಅರ್ಧಕ್ಕೇ ಬಿಟ್ಟು ಕೈ ತೊಳೆಯಲು ಎದ್ದರು.

ನಾನು ಹೇಳಿದ್ದು ಸುಳ್ಳೇನಲ್ಲ. ಮಕ್ಕಳಿಗೆ ಮೈತುಂಬ ನೀರುಗುಳ್ಳೆ ಎಬ್ಬಿಸುವ ಚಿಕನ್‌ಪಾಕ್ಸ್, ನಮ್ಮ ಕಡೆ ‘ದೇವಿ ಬಂದಾಳ’ ಅನ್ನುತ್ತಾರಲ್ಲ ಅದು, ಇದೇ ಕುಲದ ವೈರಸ್ಸು. ಗುಳ್ಳೆ ಮಾಯುತ್ತವೆ, ಸ್ನಾನ ಮಾಡಿಸುತ್ತಾರೆ, ಮಗು ಶಾಲೆಗೆ ಹೋಗುತ್ತದೆ. ವೈರಸ್ಸು ಮಾತ್ರ ಹೋಗುವುದಿಲ್ಲ. ನರದ ಬುಡದಲ್ಲಿ ಸೇರಿಕೊಂಡು ಹತ್ತಿಪ್ಪತ್ತು ನಲವತ್ತು ವರ್ಷ ಮಲಗಿರುತ್ತದೆ. ಮೈ ಸೋತ ಒಂದು ದಿನ ಎದ್ದು, ಒಂದೇ ಒಂದು ನರವನ್ನು ಹಿಡಿದುಕೊಂಡು ಚರ್ಮಕ್ಕೆ ಬರುತ್ತದೆ. ಆಗ ಬರುವುದು ದೇವಿಯಲ್ಲ, ಸರ್ಪಸುತ್ತು. ಮೂರು ದಿನದೊಳಗೆ ಮಾತ್ರೆ ಶುರುಮಾಡಿದರೆ ಬಹಳ ಮಟ್ಟಿಗೆ ಬಗ್ಗುತ್ತದೆ. ಹಣೆಯ ಮೇಲೆ ಬಂದರೆ, ಅದರಲ್ಲೂ ಮೂಗಿನ ತುದಿಯಲ್ಲಿ ಗುಳ್ಳೆ ಕಂಡರೆ, ಒಂದು ಗಳಿಗೆಯೂ ತಡಮಾಡಬಾರದು. ಮೂಗಿನ ತುದಿಗೂ ಕಣ್ಣಿಗೂ ಹೋಗುವುದು ಒಂದೇ ನರದ ಕವಲು. ಇದನ್ನು ನಾನು ಎಷ್ಟು ತರಗತಿಗಳಲ್ಲಿ, ಎಷ್ಟು ಸಭೆಗಳಲ್ಲಿ ಹೇಳಿದ್ದೇನೋ ಲೆಕ್ಕ ಇಲ್ಲ.

ನನಗೆ ಆ ವೈರಸ್ಸು ಕೊಟ್ಟವಳು ಅಕ್ಕ. ನಾವಾಗ ದಾಂಡೇಲಿಯಲ್ಲಿದ್ದೆವು. ಅಪ್ಪನಿಗೆ ಕಾರ್ಖಾನೆಯಲ್ಲಿ ಪಾಳಿಯ ಕೆಲಸ, ಎರಡು ಕೋಣೆಯ ಕ್ವಾರ್ಟರ್ಸು. ಮೊದಲು ಅಕ್ಕನಿಗೆ ಗುಳ್ಳೆ ಎದ್ದವು, ಹದಿನೈದು ದಿನಕ್ಕೆ ನನಗೆ. ಅವ್ವ ಚಾಪೆಯ ಮೇಲೆ ಬೇವಿನ ತಪ್ಪಲು ಹಾಸಿ ನನ್ನನ್ನು ಮಲಗಿಸಿದಳು. ಅಕ್ಕನ ಗುಳ್ಳೆಯ ಹಕ್ಕಳೆ ಇನ್ನೂ ಪೂರ್ತಿ ಉದುರಿರಲಿಲ್ಲ. ಅವಳೂ ಅದೇ ಚಾಪೆಯಲ್ಲಿ ಮಲಗಿ ನನ್ನ ಎರಡೂ ಮುಂಗೈ ಹಿಡಿದುಕೊಂಡಿರುತ್ತಿದ್ದಳು. ‘ಕೆರ್ಕೋಬ್ಯಾಡ ತಂಗಿ, ಕಲಿ ಉಳೀತಾವ’ ಅನ್ನುತ್ತಿದ್ದಳು. ನನ್ನ ಕೈ ಕಾಯುತ್ತ ಕಾಯುತ್ತ ಒಂದು ಸಲ ತನ್ನ ಹಣೆ ತಾನೇ ಪರಚಿಕೊಂಡಳು. ನನ್ನ ಮುಖದಲ್ಲಿ ಒಂದೂ ಕಲೆಯಿಲ್ಲ. ಅವಳ ಬಲ ಹುಬ್ಬಿನ ಮೇಲೆ ಒಂದು ಗುಳಿ ಉಳಿಯಿತು.

ಮುಂದೆ ಓದಿ, ಈ ವೈರಸ್ಸಿನ ಕತೆ ತಿಳಿದ ಮೇಲೆ, ‘ನನ್ನ ನರದಾಗ ಮಲಗಿದ್ದು ನಿನ್ನ ವೈರಸ್ಸ ಅಕ್ಕಾ’ ಅಂತ ಹೇಳಿದೆ. ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ‘ನಮ್ಮ ತವರಮನಿ ಆಸ್ತಿ ಅದೊಂದ ನೋಡು, ಇಬ್ರಿಗೂ ಸಮಾ ಪಾಲು’ ಅಂದಳು.

ಅಕ್ಕ ಹತ್ತನೇ ಇಯತ್ತೆಗೆ ಶಾಲೆ ಬಿಟ್ಟು ಹೊಲಿಗೆ ಕಲಿತಳು. ತೇರಗಾಂವಕ್ಕೆ ಮದುವೆಯಾಗಿ ಹೋದಳು. ಪಡಸಾಲೆಯಲ್ಲಿ ಕಿಟಕಿಯ ಪಕ್ಕ ಮಷಿನ್ನು, ಸುತ್ತಲಿನ ನಾಲ್ಕು ಹಳ್ಳಿಯ ಹೆಂಗಸರ ಝಂಪರು ಅವಳ ಕೈಯಿಂದಲೇ ಆಗಬೇಕು. ಕಾಜು, ಹುಕ್ಕು, ಅಂಚಿನ ಹೊಲಿಗೆ ಎಲ್ಲ ಕೈಯಲ್ಲಿ, ಕಣ್ಣಿಗೆ ಕಾಣದಷ್ಟು ಸಣ್ಣ ಟಾಕು. ಪ್ರಯೋಗಾಲಯಕ್ಕೆ ನಾನು ಮೊದಲ ಸಲ ಹಾಕಿಕೊಂಡು ಹೋದ ಬಿಳಿ ಕೋಟು ಅವಳೇ ಹೊಲಿದದ್ದು. ಒಳಗಡೆ ಯಾರಿಗೂ ಕಾಣದ ಹಾಗೆ ಒಂದು ಜೇಬು ಹೆಚ್ಚಿಗೆ ಇಟ್ಟಿದ್ದಳು. ‘ಶೇಂಗಾ ಇಟಗೊಳ್ಳಾಕ’ ಅಂದಿದ್ದಳು. ಪ್ರಯೋಗಾಲಯದಲ್ಲಿ ಏನೂ ತಿನ್ನಬಾರದು ಅಂದರೆ ನಂಬಲಿಲ್ಲ. ಪಿಎಚ್‌ಡಿ ಆದ ದಿನದಿಂದ ಊರಿನವರಿಗೆಲ್ಲ ‘ನಮ್ಮ ತಂಗಿ ಡಾಕ್ಟರ್’ ಅಂತ ಹೇಳಿಕೊಂಡು ತಿರುಗಿದಳು. ‘ಅಕ್ಕಾ, ನಾ ಸೂಜಿ ಮಾಡೂ ಡಾಕ್ಟರ್ ಅಲ್ಲ’ ಅಂದರೆ, ‘ಯಾವ ಡಾಕ್ಟರ್ ಆದ್ರೇನು, ಡಾಕ್ಟರ್ ಡಾಕ್ಟರಽ’ ಅನ್ನುತ್ತಿದ್ದಳು.

ಇಷ್ಟು ವರ್ಷ ಊರು ಬಿಟ್ಟು ಎಲ್ಲೆಲ್ಲೋ ಕೆಲಸ ಮಾಡಿದವಳಿಗೆ ಕಡೆಗೂ ನಮ್ಮ ಕಡೆಯೇ ಒಂದು ಯೋಜನೆ ಸಿಕ್ಕಿತು. ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡ, ಈ ನಾಲ್ಕೂ ಕಡೆ ಸರ್ಪಸುತ್ತು ಆದವರನ್ನು ಹುಡುಕಿ, ಗುಳ್ಳೆಯ ನೀರು ತೆಗೆದುಕೊಂಡು, ಜನ ಯಾಕೆ ತಡವಾಗಿ ದವಾಖಾನೆಗೆ ಬರುತ್ತಾರೆ ಅಂತ ಕೇಳಬೇಕು. ಒಂದು ಜೀಪು, ಒಂದು ಡ್ರೈ ಐಸ್ ಪೆಟ್ಟಿಗೆ, ಒಬ್ಬರು ಡಾಕ್ಟರು, ಹಳಿಯಾಳದ ಕಡೆಯ ಒಬ್ಬ ನರ್ಸು, ನಾನು. ಜೀಪಿನಲ್ಲೇ ಮಾತ್ರೆ ಇರುತ್ತಿತ್ತು. ಡಾಕ್ಟರು ನೋಡಿ, ಬೇಕಾದವರಿಗೆ ಅಲ್ಲೇ ಕೊಡುತ್ತಿದ್ದರು.

ಪ್ರಶ್ನಾವಳಿ ಅಚ್ಚಿಗೆ ಹೋಗುವ ಮುಂಚೆ ನರ್ಸು ನನ್ನ ಹತ್ತಿರ ಬಂದಳು. ಮಿತಭಾಷಿ, ಕೆಲಸದಲ್ಲಿ ಒಂದು ತಪ್ಪಿಲ್ಲದವಳು. ‘ಮೇಡಂ, ಎಂಟನೇ ಪ್ರಶ್ನೇದಾಗ ಸರ್ಪಸುತ್ತು ಅಂತ ಬರದೀರಿ. ಮೈಮ್ಯಾಲ ಅದು ಇರೂಮಟ ನಮ್ಮ ಮಂದಿ ಅದರ ಹೆಸರ ತಗಿಯೂದಿಲ್ಲರಿ. ಹುಳ ಅಂತಾರ. ಹುಳ ಹರದೈತಿ ಅಂತಾರ. ಅದನ್ನೂ ಸೇರಸೂಣಲ್ಲರಿ?’ ಅಂದಳು.

ನನಗೆ ಗೊತ್ತಿಲ್ಲದ್ದೇನೂ ಅಲ್ಲ. ಹಾವು ಕಚ್ಚಿದರೆ ‘ಹುಳ ಮುಟ್ಟೇತಿ’ ಅನ್ನುವ ಮನೆಯಲ್ಲೇ ಬೆಳೆದವಳು ನಾನು. ಆದರೂ ಏನು ಹೇಳಿದೆ ಗೊತ್ತೇ? ‘ಹುಳ ಅಂತ ಬರದ್ರ ಸೊಳ್ಳಿ ಕಚ್ಚಿದವರೆಲ್ಲಾ ಬಂದು ಕುಂದ್ರತಾರ. ಇದು ವಿಜ್ಞಾನ ಸಿಸ್ಟರ್’ ಅಂತ ಹೇಳಿ, ಅವಳು ಪೆನ್ಸಿಲಿನಲ್ಲಿ ಬರೆದಿದ್ದ ಆ ಎರಡಕ್ಷರದ ಮೇಲೆ ಕೆಂಪು ಗೆರೆ ಎಳೆದೆ. ಅವಳು ‘ಆತ್ರಿ’ ಅಂದು ಹೋದಳು. ಅವಳ ಮುಖ ಸಣ್ಣದಾದದ್ದು ಕಂಡಿತ್ತು. ಕಂಡರೂ ಬಿಟ್ಟೆ.

ಊರೂರು ತಿರುಗಿದೆವು. ಜೋಯಿಡಾದ ಕಡೆ ಕೊಂಕಣಿಯವರು ಇದಕ್ಕೆ ನಾಗಿಣ ಅಂದರು. ಮುಂಡಗೋಡದ ಹತ್ತಿರ ಒಬ್ಬ ಹೆಂಗಸು ಬೆನ್ನಿನ ಗುಳ್ಳೆಗಳ ಮೇಲೆ ಒದ್ದೆ ಬಟ್ಟೆ ಕಟ್ಟಿಕೊಂಡು ಭತ್ತದ ಸಸಿ ಹಚ್ಚಿದ್ದಳು, ಒಂದು ವಾರ, ಯಾರಿಗೂ ಹೇಳದೆ. ಒಂಬತ್ತನೆಯ ಪ್ರಶ್ನೆಗೆ ಹೆಚ್ಚಿನವರ ಉತ್ತರ ಒಂದೇ. ಸರ್ಪ ಬರೆಯುವವರ ಹತ್ತಿರ ಹೋದೆವು. ನನಗೆ ಮೈ ಉರಿದುಹೋಗುತ್ತಿತ್ತು.

ಅಂಥವರಲ್ಲಿ ಒಬ್ಬ ಮುದುಕ ತೇರಗಾಂವದಿಂದ ಸ್ವಲ್ಪ ದೂರದ ಹಳ್ಳಿಯಲ್ಲಿದ್ದ. ಜಾಜು, ಅಂದರೆ ಗೋಡೆಗೆ ಬಳಿಯುವ ಕೆಂಪು ಮಣ್ಣು, ಅದನ್ನು ಕಲೆಸಿ ಗುಳ್ಳೆಗಳ ಸುತ್ತ ಹಾವಿನ ಚಿತ್ರ ಬರೆಯುತ್ತಿದ್ದ. ಹೆಡೆಗೂ ಬಾಲಕ್ಕೂ ನಡುವೆ ಜಾಗ ಬಿಡುತ್ತಿದ್ದ. ಅವೆರಡೂ ಕೂಡಿದರೆ ಜೀವ ಹೋಗುತ್ತದೆ ಅಂತ ನಂಬಿಕೆ. ನಾನು ಅವನ ಕಟ್ಟೆಯ ಮೇಲೆ ಕೂತು ಜಗಳವಾಡಿದೆ.

‘ಅಜ್ಜಾರ, ನೀವು ಜಾಜು ಬಳಿಯೂದರಾಗ ಮೂರು ದಿನಾ ಹೋಗ್ತಾವ. ಆ ಮೂರು ದಿನಾನ ಮುಖ್ಯ ಇರ್ತಾವರಿ’ ಅಂದೆ.

‘ನಾ ಯಾರನ್ನೂ ಕಟ್ಟಿ ಹಾಕಿಲ್ಲರಿ ಬಾಯಾರ. ದವಾಖಾನಿಗಿ ಹೋಗಬ್ಯಾಡ್ರಿ ಅಂತ ಒಬ್ರಿಗೂ ಅಂದಿಲ್ಲ’ ಅಂದ.

‘ಹೋಗ್ರಿ ಅಂತನೂ ಅಂದಿಲ್ಲಲ್ಲ?’

‘ಕೇಳಿದವರಿಗೆ ಅಂದೇನಿ’ ಅಂತ ಹೇಳಿ ಕೈ ಒರೆಸಿಕೊಂಡು ಒಳಗೆ ಹೋಗಿ ನಮ್ಮೆಲ್ಲರಿಗೂ ಚಹಾ ಮಾಡಿಸಿದ. ನಾನು ಕುಡಿಯಲಿಲ್ಲ. ಚಹಾ ಬಿಟ್ಟು ಎದ್ದು ಬಂದದ್ದೇ ದೊಡ್ಡ ಹೋರಾಟ ಅಂದುಕೊಂಡಿದ್ದೆ, ಥೂ.

ಆಮೇಲೆ ನಗರದ ಒಂದು ಸಭೆಯಲ್ಲಿ ಈ ಕೆಲಸದ ಬಗ್ಗೆ ಮಾತಾಡಿದೆ. ಎಂದಿನ ಹಾಗೆ ಮೊದಲ ಚಿತ್ರದಲ್ಲಿ ಹರ್ಪಿಸ್ ಅನ್ನುವ ಪದದ ಅರ್ಥ. ಗ್ರೀಕ್ ಭಾಷೆಯಲ್ಲಿ ಅದರ ಮೂಲ ತೆವಳುವುದು, ಹರಿಯುವುದು. ಎರಡನೆಯ ಚಿತ್ರ ಒಬ್ಬನ ಪಕ್ಕೆಯ ಮೇಲೆ ಕೆಂಪು ಮಣ್ಣಿನಲ್ಲಿ ಬರೆದ ಹಾವು. ಸಭೆ ಗೊಳ್ಳೆಂದು ನಕ್ಕಿತು. ನಾನೂ ನಕ್ಕೆ. ‘ತಡವಾಗುವುದಕ್ಕೆ ಮೂಢನಂಬಿಕೆಯೇ ಕಾರಣ’ ಅಂತ ಕೊನೆಯ ಚಿತ್ರದಲ್ಲಿ ದಪ್ಪಕ್ಷರದಲ್ಲಿ ಹಾಕಿದ್ದೆ. ನಮ್ಮ ವಿಭಾಗದ ಹಿರಿಯರು ಬಂದು ಕೈ ಕುಲುಕಿದರು.

ಅದೇ ವರ್ಷದ ಶ್ರಾವಣದಲ್ಲಿ ನಾವು ಗಣೇಶಗುಡಿಯಲ್ಲಿದ್ದೆವು. ಪಂಚಮಿಗೆ ಇನ್ನು ಮೂರು ದಿನ. ಧೋ ಅಂತ ಮಳೆ. ಕಾಡಂಚಿನ ಮನೆಗಳಿಗೆ ಹೋಗಿ ಬಂದು ಜೀಪಿನ ಹಿಂದೆ ನಿಂತು ಕಾಲಿನ ಉಂಬಳ ಕೀಳುತ್ತಿದ್ದೆ. ಟ್ಯೂಬುಗಳಿಗೆ ಚೀಟಿ ಅಂಟಿಸುವುದಿತ್ತು. ಡ್ರೈ ಐಸು ಮುಗಿಯುತ್ತ ಬಂದಿತ್ತು. ಆಗ ಅಕ್ಕನ ಫೋನು.

‘ತಂಗಿ, ಪಂಚಮಿಗಿ ಬರ್ತಿಯೋ ಇಲ್ಲೋ? ಉಂಡಿ ಕಟ್ಟಾಕ ಕುಂತೇನಿ.’

‘ಬರ್ತೇನಿ, ಬರ್ತೇನಿ. ಲಗೂ ಹೇಳು, ಇಲ್ಲಿ ರೇಂಜ್ ಇಲ್ಲ.’

‘ಏನಿಲ್ಲವಾ, ಮುಂಜಾನೆಯಿಂದ ಹಣಿ ಮ್ಯಾಲ ಹುಳ ಹರದೈತಿ. ಬಲಗಡೆ. ಉರಿ ಅಂದ್ರ ಉರಿ. ಮೂಗುಬಟ್ಟು ಸುದ್ದಾ ತಗದಿಟ್ಟೇನಿ.’

‘ಮಳಿಗಾಲದಾಗ ಹುಳ ಹರೀದ ಏನ ಮಾಡ್ತಾವ? ನನ್ನ ಕಾಲು ನೋಡು ಬಾ, ಉಂಬಳ ಹತ್ತಿ ರಕ್ತ ಸೋರಾಕ ಹತ್ತೈತಿ.’

‘ಹಂಗಲ್ಲ ತಂಗಿ, ಇದು ಹುಳ…’

‘ತಿಳೀತಕ್ಕಾ ತಿಳೀತು. ಮನ್ಯಾಗ ಆ ಗುಲಾಬಿ ಬಣ್ಣದ ಔಷಧ ಐತೆಲ್ಲ, ಅದನ್ನ ಹಚ್ಚು. ಕೆರ್ಕೋಬ್ಯಾಡ. ಪಂಚಮಿಗಿ ಮೂಗುಬಟ್ಟು ಹಾಕ್ಕೊಂಡು ಚಂದಾಗಿ ಕುಂದ್ರು, ನಾ ಬರ್ತೇನಿ.’

ಅವಳು ‘ಆತು’ ಅಂದಳು. ನಾನು ಫೋನನ್ನು ಜೇಬಿಗೆ ಹಾಕಿ ಚೀಟಿ ಅಂಟಿಸಲು ಹೋದೆ. ಮಾತ್ರೆಯ ಡಬ್ಬಿ ನನ್ನ ಮೊಣಕೈಗೆ ತಾಗುತ್ತಿತ್ತು. ಗಣೇಶಗುಡಿಯಿಂದ ತೇರಗಾಂವಕ್ಕೆ ಜೀಪಿನಲ್ಲಿ ಎಷ್ಟು ದೂರ ಹೇಳಿ? ದಾಂಡೇಲಿ, ಹಳಿಯಾಳ ದಾಟಿದರೆ ಬಂತು. ಚಹಾಕ್ಕೆ ನಿಲ್ಲಿಸಿಕೊಂಡು ಹೋದರೂ ಕತ್ತಲಾಗುವುದರೊಳಗೆ ಅವಳ ಬಾಗಿಲಲ್ಲಿ ಇರುತ್ತಿದ್ದೆ.

ಪಂಚಮಿಯ ದಿನ ಹೋದೆ. ಬಾಗಿಲಲ್ಲಿ ಅಕ್ಕನ ಗಂಡ ನಿಂತಿದ್ದರು. ನಾನು ಅವರನ್ನು ಮಾಮಾ ಅನ್ನುತ್ತೇನೆ. ಎಂದಿನಂತೆ ತಮಾಷೆ ಮಾಡಲಿಲ್ಲ, ‘ಬಾ, ಒಳಗ ಮಲಗ್ಯಾಳ’ ಅಂದರು. ಅಕ್ಕ ಚಾಪೆಯ ಮೇಲೆ ಗೋಡೆಗೆ ಮುಖ ಮಾಡಿ ಮಲಗಿದ್ದಳು. ಕರೆದೆ. ತಿರುಗಿದಳು.

ಬಲಗಡೆಯ ಹಣೆ, ಹುಬ್ಬು, ರೆಪ್ಪೆ ಎಲ್ಲ ಬಾತು ಕಣ್ಣು ಮುಚ್ಚಿಹೋಗಿತ್ತು. ಹಣೆಯ ನಟ್ಟನಡುವೆ ಗೆರೆ ಎಳೆದ ಹಾಗೆ ಗುಳ್ಳೆಗಳು ನಿಂತಿದ್ದವು. ಎಡಗಡೆ ಒಂದೂ ಇಲ್ಲ. ಅವುಗಳ ಮೇಲೆಲ್ಲ ಗುಲಾಬಿ ಬಣ್ಣದ ಔಷಧ ಒಣಗಿ ಬಿರುಕು ಬಿಟ್ಟಿತ್ತು. ಮೂಗಿನ ತುದಿಯಲ್ಲಿ, ಮೂಗುಬಟ್ಟಿನ ತೂತಿನ ಪಕ್ಕಕ್ಕೆ, ಮೂರು ಗುಳ್ಳೆ.

ಇದು ಯಾವ ವೈರಸ್ಸು, ಯಾವ ನರ, ಯಾವ ಕವಲು, ಎಷ್ಟನೆಯ ದಿನ, ಎಲ್ಲ ಒಂದೇ ನೋಟಕ್ಕೆ ತಿಳಿಯಿತು. ತಿಳಿದು ಏನು ಮಾಡಿದೆ? ಮಾಮಾನ ಮೇಲೆ ಎಗರಿದೆ. ‘ಆ ಮುದುಕನ ಕಡೆ ಹೋಗಿದ್ರೇನು? ಜಾಜು ಬಳಿಸ್ಕೊಂಡು ಬಂದ್ರೇನು? ನಾಕು ದಿನಾ ಆತು! ಮನಿಶ್ಯಾರೇನ ನೀವು?’ ಅಂತ ಅವರ ಮನೆಯಲ್ಲೇ, ಹಬ್ಬದ ದಿನ, ಓಣಿಗೆಲ್ಲ ಕೇಳುವ ಹಾಗೆ ಕೂಗಾಡಿದೆ.

ಮಾಮಾ ತಲೆ ತಗ್ಗಿಸಿಕೊಂಡೇ ಹೇಳಿದರು. ‘ಹೋಗಿದ್ವಿ. ಎರಡನೇ ದಿನಾ ಹೋಗಿದ್ವಿ. ಅಜ್ಜಾರು ಕೈ ಹಚ್ಚಲಿಲ್ಲ. ಕಣ್ಣಿನ ಬಾಜೂಕ ಐತಿ, ಇದನ್ನ ನಾ ಬರಿಯೂದಿಲ್ಲ, ಈಗಿಂದೀಗ ಡಾಕ್ಟರಿಗೆ ತೋರಸ್ರಿ ಅಂದ್ರು. ನಿಮ್ಮಕ್ಕ, ನಿಮ್ಮ ಕಟ್ಟಿಗೆ ಜೀಪಿನ್ಯಾಗ ಬಂದಿದ್ದ ಡಾಕ್ಟರ್ ನಮ್ಮ ತಂಗಿರಿ, ಆಕಿಗೆ ಹೇಳೇನಿ, ಔಷಧಾನೂ ಹೇಳ್ಯಾಳ ಅಂದ್ಲು. ಆ ಬಾಯಾರು ನಿನ್ನ ತಂಗಿಯೇನವಾ, ಹಂಗಾರ ಚಿಂತಿ ಬಿಡು ಅಂತ ಹೇಳಿ ಕಳಿಸಿದ್ರು.’

ಅಕ್ಕ ಒಂದೇ ಕಣ್ಣಿನಿಂದ ನನ್ನನ್ನು ನೋಡುತ್ತಿದ್ದಳು. ‘ಅವರಿಗ್ಯಾಕ ಬೈತಿ? ನಾ ಹೇಳಿದ್ನೆಲ್ಲ ನಿನಗ’ ಅಂದಳು.

‘ಹುಳ ಅಂದ್ಯಲ್ಲ ಅಕ್ಕಾ, ಹುಳ ಅಂದ್ಯಲ್ಲ!’

‘ಮತ್ತೇನಂತ ಅನ್ಲಿ? ಮೈಮ್ಯಾಲ ಇಟಗೊಂಡು ಅದರ ಹೆಸರ ತಗೀತಾರೇನ? ಅದೂ ಪಂಚಮಿ ಮುಂದ. ನಿನಗ ತಿಳೀತು ಅಂದಿ. ಎರಡ ಸಲ ಅಂದಿ.’

ಜೀಪು ತರಿಸಿ, ಡಾಕ್ಟರಿಂದ ಮಾತ್ರೆ ಶುರುಮಾಡಿಸಿ, ಹುಬ್ಬಳ್ಳಿಯ ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆವು. ದಾರಿಯುದ್ದಕ್ಕೂ ಗುಂಡಿ ಬಂದಾಗಲೆಲ್ಲ ಅಕ್ಕ ನರಳುತ್ತಿದ್ದಳು. ಕೈ ತನ್ನಿಂತಾನೇ ಹಣೆಯ ಕಡೆ ಹೋಗುತ್ತಿತ್ತು. ನಾನು ಅವಳ ಎರಡೂ ಮುಂಗೈ ಹಿಡಿದುಕೊಂಡು ಕೂತೆ.

ತಿಂಗಳುಗಟ್ಟಲೆ ಓಡಾಡಿದೆವು. ಬಾವು ಇಳಿಯಿತು, ಗುಳ್ಳೆ ಒಣಗಿದವು, ಕಣ್ಣಿನ ಕರಿಗುಡ್ಡೆಯ ಮೇಲೆ ಬಿಳಿ ಪೊರೆ ಉಳಿಯಿತು. ಬೆಳಕು ಕಾಣುತ್ತದೆ, ಎದುರಿಗೆ ನಿಂತವರು ಕಾಣುವುದಿಲ್ಲ. ಕಣ್ಣಿನ ಡಾಕ್ಟರು ಒಳ್ಳೆಯ ಮನುಷ್ಯ. ನನ್ನನ್ನು ಪಕ್ಕಕ್ಕೆ ಕರೆದು, ‘ಮೊದಲ ದಿನವೇ ಬಂದಿದ್ದರೂ ಉಳಿಯುತ್ತಿತ್ತು ಅಂತ ಖಾತ್ರಿಯಾಗಿ ಹೇಳೋಕಾಗಲ್ಲ’ ಅಂದರು. ಆ ಕರುಣೆಗೆ ನನಗೆ ಇನ್ನಿಲ್ಲದ ಸಿಟ್ಟು ಬಂತು. ಈ ಮಾತನ್ನು ನಾನೂ ಎಷ್ಟೋ ಜನಕ್ಕೆ ಹೇಳಿದ್ದೇನೆ. ಯಾವಾಗ ಹೇಳುತ್ತೇವೆ ಅನ್ನುವುದು ನನಗೆ ಗೊತ್ತು.

ಅಕ್ಕನಿಗೆ ಈಗಲೂ ಗಾಳಿ ಸೋಕಿದರೆ ಹಣೆ ಉರಿಯುತ್ತದೆ. ಸೆರಗನ್ನು ಬಲಗಡೆಗೆ ಎಳೆದುಕೊಂಡೇ ಕೂರುತ್ತಾಳೆ. ಸೂಜಿಗೆ ದಾರ ಪೋಣಿಸುವಾಗ ದಾರ ಸೂಜಿಯ ಪಕ್ಕದಿಂದ ಹಾದುಹೋಗುತ್ತದೆ, ಮುಂದಿದೆಯೋ ಹಿಂದಿದೆಯೋ ಅವಳಿಗೆ ಅಂದಾಜಾಗುವುದಿಲ್ಲ. ಕಡೆಗೆ ನಾಲಿಗೆಯ ತುದಿಯಲ್ಲಿ ಸೂಜಿಯ ತೂತು ಮುಟ್ಟಿ ನೋಡಿ ಪೋಣಿಸುವುದು ಕಲಿತಳು. ಹುಕ್ಕು ಓರೆಯಾಗುತ್ತವೆ. ಮೊದಲು ಅವಳ ಬಾಗಿಲಿಗೆ ಬಂದು ಕಾಯುತ್ತಿದ್ದವರು ಈಗ ಹಳಿಯಾಳದ ಅಂಗಡಿಗೆ ಕೊಡುತ್ತಾರೆ. ಅವರನ್ನು ಬೈಯಲು ಹೋದರೆ ಅಕ್ಕ ತಡೆಯುತ್ತಾಳೆ. ‘ಹುಕ್ಕ ಓರೆ ಆದ್ರ ಯಾರ ಹಾಕ್ಕೋತಾರ?’ ಅನ್ನುತ್ತಾಳೆ.

ಇಷ್ಟಾದ ಮೇಲೆ ನಾನು ಮೊದಲು ಮಾಡಿದ್ದು ಒಂದು ಕೆಲಸ. ಪ್ರಶ್ನಾವಳಿಯ ಸಮಿತಿಗೆ ಹೋಗಿ ಎಂಟನೆಯ ಪ್ರಶ್ನೆಯಲ್ಲಿ ಹುಳ ಅನ್ನುವ ಪದ ಸೇರಿಸಿ ಅಂದೆ. ‘ಹುಳ ಅಂದರೆ ಕೀಟ ಅಲ್ಲವೇ ಮೇಡಂ? ಗೊಂದಲ ಆಗುತ್ತೆ’ ಅಂದರು. ನಾನು ನರ್ಸಿಗೆ ಹೇಳಿದ ಮಾತೇ, ಸ್ವಲ್ಪ ಮರ್ಯಾದೆಯಿಂದ. ಮೇಜು ಗುದ್ದಿದೆ. ‘ಹರ್ಪಿಸ್ ಅಂದರೂ ಹರಿಯುವ ಹುಳವೇ ಕಣ್ರೀ! ಗ್ರೀಕರು ಅಂದರೆ ವಿಜ್ಞಾನ, ತೇರಗಾಂವದ ಹೆಂಗಸು ಅಂದರೆ ಗೊಂದಲವೇ?’ ಅಂತ ಕಿರುಚಿದೆ. ನಮ್ಮ ಹಿರಿಯರು ನೀರು ಕುಡಿಸಿದರು. ಪದ ಸೇರಿತು. ಅದು ಸೇರಿದ ದಿನ ನರ್ಸಿಗೆ ಫೋನು ಮಾಡಿ ತಪ್ಪಾಯಿತು ಅಂದೆ. ‘ಇರಲಿ ಬಿಡ್ರಿ ಮೇಡಂ, ಅಕ್ಕಾರು ಹೆಂಗದಾರ?’ ಅಂದಳು. ಆ ಮುದುಕನ ಕಟ್ಟೆಗೂ ಹೋಗಿ, ಅವತ್ತು ಬಿಟ್ಟ ಚಹಾ ಇವತ್ತು ಕೇಳಿ ಕುಡಿದು ಬಂದೆ. ಅವನು ಅಕ್ಕನ ಕಣ್ಣಿನ ಬಗ್ಗೆ ಕೇಳಿದ.

ಕೊನೆಗೆ ಅಕ್ಕನ ಸರದಿ ಬಂತು. ಅವಳೂ ನಮ್ಮ ಯೋಜನೆಯ ತಾಲೂಕಿನವಳು, ಅವಳ ಹಾಳೆಯೂ ತುಂಬಬೇಕು. ನಾನು ತುಂಬುವುದು ಸರಿಯಲ್ಲ, ನರ್ಸು ತುಂಬಲಿ ಅಂದೆ. ಅಕ್ಕ ಒಪ್ಪಲಿಲ್ಲ. ‘ನಮ್ಮ ತಂಗೀನ ಬರೀಲಿ. ಆಕೀ ಅಕ್ಷರ ಚಂದ ಅದಾವ’ ಅಂದಳು. ಮಷಿನ್ನಿನ ಹಲಗೆಯ ಮೇಲೆ ಹಾಳೆ ಇಟ್ಟುಕೊಂಡು ಕೂತೆ. ನರ್ಸು ಬಾಗಿಲ ಹತ್ತಿರ ಕೂತಳು.

ವಯಸ್ಸು, ಊರು, ಕೆಲಸ. ಕೆಲಸಕ್ಕೆ ‘ಹೊಲಿಗಿ’ ಅಂದಳು, ಬರೆದೆ. ಚಿಕ್ಕಂದಿನಲ್ಲಿ ಗುಳ್ಳೆ ಎದ್ದಿದ್ದವೇ? ಹೌದು. ಎಂಟನೆಯ ಪ್ರಶ್ನೆ, ‘ನಿಮಗೆ ಆದದ್ದನ್ನು ಏನೆಂದು ಕರೆದಿರಿ?’ ಸರ್ಪಸುತ್ತು, ನಾಗಿಣ, ಹುಳ. ಅಕ್ಕ ಹಾಳೆಯನ್ನು ಎಡಗಣ್ಣಿನ ಹತ್ತಿರ ಹಿಡಿದು ನೋಡಿದಳು. ಹುಳ ಅನ್ನುವ ಅಕ್ಷರದ ಮೇಲೆ ಬೆರಳಿಟ್ಟಳು.

ಒಂಬತ್ತನೆಯದು. ಹಾಳೆಯನ್ನು ಅವಳ ಮುಂದೆ ಸರಿಸಿದೆ. ಅವಳೇ ಒಂದೇ ಕಣ್ಣಲ್ಲಿ ನಿಧಾನವಾಗಿ ಓದಿದಳು. ‘ಎಲ್ಲರಿಗಿಂತ ಮೊದಲು ಯಾರಿಗೆ ಹೇಳಿದಿರಿ.’ ಓದಿ, ‘ನಿನಗ’ ಅಂದಳು.

ಯಾವ ದಿನ ಅಂತ ಆಚೆಯ ಸಾಲಿನಲ್ಲಿ ಬರೆಯಬೇಕು. ಮೊದಲನೆಯ ದಿನ. ಮುಂಜಾನೆ ಗುಳ್ಳೆ ಎದ್ದ ದಿನವೇ. ನಾಲ್ಕು ತಾಲೂಕು ತಿರುಗಿ ನಾವು ತುಂಬಿಸಿದ ಹಾಳೆಗಳಲ್ಲಿ ಇಷ್ಟು ಬೇಗ, ಇಷ್ಟು ಸರಿಯಾದ ಜಾಗಕ್ಕೆ ಹೋಗಿ ಹೇಳಿದವರು ಇನ್ನೊಬ್ಬರು ನನಗೆ ನೆನಪಿಲ್ಲ.

ಪೆನ್ನು ಚೌಕಗಳ ಮೇಲೆ ನಿಂತೇ ಇತ್ತು. ‘ಮನೆಯವರಿಗೆ’ ಅನ್ನುವುದಕ್ಕೆ ಹಾಕಲು ಹೋದೆ.

‘ಅಲ್ಲಲ್ಲ’ ಅಂತ ಅಕ್ಕ ನನ್ನ ಕೈ ಹಿಡಿದಳು. ‘ಮನಿಯವರಿಗೆ ಹೇಳೂದಿತ್ತಂದ್ರ ಇವರ ಇದ್ರಲ್ಲ ಮನ್ಯಾಗ. ನಾ ಡಾಕ್ಟರಿಗೆ ಹೇಳೇನಿ. ಡಾಕ್ಟರಿಗೆ ಅನ್ನೂದಕ್ಕ ಹಾಕು.’

ಹಾಕಿದ್ದಾಯಿತು. ನನ್ನ ಕೈಯಲ್ಲ, ಅವಳ ಕೈಯೇ ನನ್ನ ಕೈ ಹಿಡಿದುಕೊಂಡು ಆ ಚೌಕದಲ್ಲಿ ಗೆರೆ ಎಳೆಯಿತು. ಹತ್ತನೆಯ ಪ್ರಶ್ನೆ, ‘ಅವರು ಏನು ಸಲಹೆ ಕೊಟ್ಟರು?’ ನಾನು ಬೇಡ ಅಂದೆ. ನರ್ಸು ಮುಖ ಆಚೆ ಮಾಡಿಕೊಂಡಳು.

ಅಕ್ಕನಿಗೆ ಸಿಟ್ಟಿರಲಿಲ್ಲ. ಒಂದಿಷ್ಟಾದರೂ ಇದ್ದಿದ್ದರೆ ನಾನು ತಡೆದುಕೊಳ್ಳುತ್ತಿದ್ದೆ. ಪಾಠ ಒಪ್ಪಿಸುವವಳ ಹಾಗೆ ನಿಧಾನವಾಗಿ, ಒಂದೊಂದೇ ಮಾತು ಹೇಳಿ ಬರೆಸಿದಳು. ‘ಗುಲಾಬಿ ಬಣ್ಣದ ಔಷಧ ಹಚ್ಚು. ಕೆರ್ಕೋಬ್ಯಾಡ. ಪಂಚಮಿಗಿ ಮೂಗುಬಟ್ಟು ಹಾಕ್ಕೊಂಡು ಚಂದಾಗಿ ಕುಂದ್ರು, ನಾ ಬರ್ತೇನಿ.’

ಅವಳು ಹೇಳಿದ್ದನ್ನು ಹೇಳಿದ ಹಾಗೇ ಬರೆದುಕೊಂಡೆ.